ಸುಳಿಶುದ್ಧ

ನಮ್ಮ ದೊಡ್ಡಪ್ಪ ಎತ್ತು ಕೊಳ್ಳುತ್ತಿದ್ದ ಚಂದವನ್ನು ಒಮ್ಮೆ ನೋಡಿದವರು ಆಮೇಲೆ ಬೆಂಡೆಕಾಯಿಯನ್ನೂ ತುದಿ ಮುರಿದು ನೋಡದೆ ಕೊಳ್ಳಲಾರರು. ಸಂಕ್ರಾಂತಿ ಸಮೀಪಿಸಿತೆಂದರೆ ನಮ್ಮೂರು ಹರದನಹಳ್ಳಿಯಿಂದ ಹೊರಟು ಚನ್ನರಾಯಪಟ್ಟಣದ ಕಡೆಯ ಬೂಕನಬೆಟ್ಟದ ದನಗಳ ಜಾತ್ರೆಗೆ ಹೋಗಿಬರುವುದು ಅವರ ವಾರ್ಷಿಕ ವ್ರತ. ಕೊಳ್ಳುವ ವರ್ಷ ಕೊಳ್ಳುತ್ತಿದ್ದರು. ಕೊಳ್ಳದ ವರ್ಷ ಸುಮ್ಮನೆ ನಾಲ್ಕು ಜೊತೆ ಎತ್ತಿನ ಬಾಯಿ ತೆರೆಸಿ, ಬೆಲೆ ಕೇಳಿ, ದಲ್ಲಾಳಿಗಳ ಹೊಟ್ಟೆ ಉರಿಸಿ, ಕಡ್ಲೆಪುರಿ ಕಟ್ಟಿಸಿಕೊಂಡು ಬರುತ್ತಿದ್ದರು. ಒಂದೆರಡು ಸಲ ನನ್ನನ್ನೂ ಕರೆದೊಯ್ದಿದ್ದರು. ಮೊದಲು ಇಪ್ಪತ್ತು ಮಾರು ದೂರ ನಿಂತು, ನೋಡಿಯೂ ನೋಡದವರ ಹಾಗೆ ಬೀಡಿ ಹಚ್ಚುವುದು. ಆಮೇಲೆ ಹತ್ತಿರ ಹೋಗಿ ಹಲ್ಲು ಎಣಿಸುವುದು. ಎರಡಲ್ಲೋ, ನಾಲ್ಕಲ್ಲೋ, ಬಾಯಿಗೂಡಿದೆಯೋ. ಗೊರಸು ತಟ್ಟಿ ನೋಡುವುದು. ಹತ್ತು ಹೆಜ್ಜೆ ನಡೆಸಿ ನೋಡುವುದು. ಕಡೆಗೆ ಬೆನ್ನು, ಹಣೆ, ಕತ್ತಿನ ಮೇಲೆ ಕೈಯಾಡಿಸಿ ಸುಳಿ ಹುಡುಕುವುದು. ಮಿಕ್ಕಿದ್ದೆಲ್ಲ ಸರಿಯಿದ್ದು ಸುಳಿ ಒಂದು ಕೆಟ್ಟಿದ್ದರೆ, ‘ಬ್ಯಾಡ ಬುಡು’ ಅಂದು ಟವೆಲು ಕೊಡವಿಕೊಂಡು ಎದ್ದುಬಿಡುತ್ತಿದ್ದರು.

ಈ ದೊಡ್ಡಪ್ಪ ಹೋಗಿ ಇಪ್ಪತ್ತು ವರ್ಷವಾದ ಮೇಲೆ ನಾನು, ಅರವತ್ತಮೂರು ದಾಟಿದ ನಿವೃತ್ತ ಮೇಷ್ಟ್ರು, ಒಂದು ಬಂದೂಕಿನ ಅಂಗಡಿಯಲ್ಲಿ ನಿಂತು, ಒಂದು ಹಳೆಯ ರೈಫಲ್ಲಿನ ಹಿಂಬದಿಗೆ ಬಿಳಿ ಕಾಗದ ಹಿಡಿದು, ಮುಂಬದಿಯಿಂದ ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ಸುಳಿ ನೋಡುತ್ತಿದ್ದೆ. ಬೋಲ್ಟ್ ಕಳಚಿ ಮೇಜಿನ ಮೇಲಿಟ್ಟಿತ್ತು, ಗಾಬರಿಯಾಗಬೇಡಿ. ರೈಫಲ್ಲಿನ ನಳಿಗೆಯೊಳಗೂ ಸುಳಿಯಿದೆ. ಆ ಸುಳಿಗೆರೆಗಳಿಂದಲೇ ಅದಕ್ಕೆ ರೈಫಲ್ ಎಂಬ ಹೆಸರು. ಗುಂಡು ಆ ಗೆರೆಗಳನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಬರುವುದರಿಂದಲೇ ನೆಟ್ಟಗೆ ಹೋಗುತ್ತದೆ. ನಾನು ನೋಡುತ್ತಿದ್ದ ಪಾಯಿಂಟ್ ಟೂಟೂ (.22) ಜಾತಿಯಲ್ಲಿ ಸಾಮಾನ್ಯವಾಗಿ ಹದಿನಾರು ಅಂಗುಲಕ್ಕೆ ಒಂದು ಸುತ್ತು. ದೊಡ್ಡಪ್ಪನಿಗೆ ಇದನ್ನು ಹೇಳಿದ್ದರೆ, ‘ಸುಳಿ ಒಂದೇ ಆದ್ರೆ ಪರವಾಗಿಲ್ಲ ಕಣ್ಲಾ, ತಕ್ಕೊ’ ಅನ್ನುತ್ತಿದ್ದರೇನೋ.

ಈ ವಯಸ್ಸಿನಲ್ಲಿ ಇದೇಕೆ ಎಂದು ನೀವು ಕೇಳುವ ಮೊದಲೇ ನನ್ನ ಹೆಂಡತಿ ಕೇಳಿದ್ದಾಳೆ. ತಪ್ಪು ಟೀವಿಯದು. 2024ರ ಆಗಸ್ಟ್ 1ರ ಮಧ್ಯಾಹ್ನ ಊಟ ಮಾಡಿ ಒರಗಿಕೊಂಡಿದ್ದೆ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಐವತ್ತು ಮೀಟರ್ ರೈಫಲ್ ಮೂರು ಭಂಗಿಯ ಫೈನಲ್. ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ, ರೈಲ್ವೆಯ ಟಿಕೆಟ್ ಕಲೆಕ್ಟರ್, ಮಂಡಿಯೂರಿ, ಮಲಗಿ, ಕಡೆಗೆ ನಿಂತು, 451.4 ಅಂಕ ಗಳಿಸಿ ಕಂಚು ತಂದ. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಅದು ಮೊದಲ ಪದಕ. ಬಿಂದ್ರಾ 2008ರಲ್ಲಿ ಚಿನ್ನ ಗೆದ್ದಾಗಲೂ, ನಾರಂಗ್ 2012ರಲ್ಲಿ ಕಂಚು ಗೆದ್ದಾಗಲೂ ನಾನು ಇಷ್ಟು ಅಲುಗಿರಲಿಲ್ಲ, ಏಕೆಂದರೆ ಅವೆರಡೂ ಗಾಳಿ ರೈಫಲ್ಲು. ಕುಸಾಳೆಯ ಕೈಯಲ್ಲಿದ್ದದ್ದು ಪಾಯಿಂಟ್ ಟೂಟೂ. ನನ್ನದು! ಅಂದರೆ, ಎನ್‌ಸಿಸಿಯಲ್ಲಿ ನಾನು ಹೊಡೆದದ್ದು. ನಲವತ್ತು ವರ್ಷದ ಹಿಂದೆ ಬಿಟ್ಟುಬಂದ ಊರಿನ ಬಸ್ಸು ಟೀವಿಯಲ್ಲಿ ಕಂಡಂತಾಯಿತು.

ಆ ಕಾಲಕ್ಕೆ ನಾನು ಹಾಸನದಲ್ಲಿ ಕಾಲೇಜು ಓದುತ್ತಿದ್ದೆ. ಎನ್‌ಸಿಸಿ ಸೇರಿದ್ದು ದೇಶಭಕ್ತಿಯಿಂದ ಎಂದು ಅರ್ಜಿಯಲ್ಲಿ ಬರೆದಿದ್ದೆ. ನಿಜ ಹೇಳುವುದಾದರೆ ಪೆರೇಡಿನ ನಂತರ ಸಿಗುತ್ತಿದ್ದ ಪೂರಿ ಸಾಗುವಿನಿಂದ. ಫೈರಿಂಗ್ ದಿನ ನಮ್ಮನ್ನು ಲಾರಿಯಲ್ಲಿ ತುಂಬಿಕೊಂಡು ಊರಾಚೆಗೆ ಒಯ್ಯುತ್ತಿದ್ದರು. ಉಸ್ತಾದರು ಉತ್ತರದವರು. ಕಮಾಂಡೆಲ್ಲ ಹಿಂದಿ. ‘ಲೇಟ್ ಕರ್ ಪೊಜಿಷನ್’ ಅಂದರೆ ಮಲಗಿಕೊಳ್ಳಿ ಎಂದರ್ಥ. ಹೊಳೆನರಸೀಪುರದ ಕಡೆಯಿಂದ ಬಂದ ನಮ್ಮ ತಂಡ ಅದನ್ನು ತಡವಾಗಿ ಬನ್ನಿ ಎಂದು ತಿಳಿದು ಅಲ್ಲೇ ನಿಂತಿತ್ತು. ಇನ್ನೂ ಗೋಜಲಾದದ್ದು ‘ಶಿಸ್ತ್ ಲೋ’. ಉಸ್ತಾದರ ಭಾಷೆಯಲ್ಲಿ ಶಿಸ್ತ್ ಎಂದರೆ ಗುರಿ, ಗುರಿ ಹಿಡಿ ಎಂದು ಅವರ ಆಜ್ಞೆ. ನಾವು ಕೇಳಿಸಿಕೊಂಡದ್ದು ಶಿಸ್ತು. ಎನ್‌ಸಿಸಿಯ ಧ್ಯೇಯವೇ ಏಕತೆ ಮತ್ತು ಶಿಸ್ತು ಆದ್ದರಿಂದ ಅನುಮಾನವೂ ಬರಲಿಲ್ಲ. ಅವರು ‘ಶಿಸ್ತ್ ಲೋ’ ಎಂದು ಕೂಗಿದಾಗಲೆಲ್ಲ ನಾವು ಮಲಗಿದ್ದಲ್ಲೇ ಕಾಲು ಜೋಡಿಸಿ, ಷರಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದೆವು. ಮುಂದೆ ಇತಿಹಾಸ ಪಾಠ ಮಾಡುವಾಗ ಶಿವಪ್ಪನಾಯಕನ ಶಿಸ್ತು ಎಂದರೆ ಕಂದಾಯದ ಕಟ್ಟಳೆ ಎಂದು ಹುಡುಗರಿಗೆ ಬರೆಸಿದ್ದೇನೆ. ಗುರಿ, ನಡತೆ, ತೆರಿಗೆ. ಮೂರಕ್ಕೂ ಒಂದೇ ಮಾತು. ಮೂರರಲ್ಲೂ ನಾನು ಅಷ್ಟಕ್ಕಷ್ಟೇ.

ನಮಗೆ ಕೊಟ್ಟ ರೈಫಲ್ಲು ವಿಚಿತ್ರ ಪ್ರಾಣಿ. ಮೈಯೆಲ್ಲ ತ್ರೀನಾಟ್‌ತ್ರೀಯದು, ನಾಲ್ಕು ಕಿಲೋ ತೂಕ. ನಳಿಗೆಯ ತೂತು ಮಾತ್ರ ಪಾಯಿಂಟ್ ಟೂಟೂ. ಯುದ್ಧದ ಬಂದೂಕನ್ನು ಹುಡುಗರ ಕಲಿಕೆಗೆಂದು ಹಾಗೆ ಮಾಡಿದ್ದರು. ಆನೆಯ ಮೈ, ಇಲಿಯ ಕೂಗು. ಆದರೆ ಆ ಇಲಿಯ ಮೇಲೆ ನನಗೆ ಪ್ರೀತಿ ಹುಟ್ಟಿತು. ಕ್ಯಾಂಪಿನಲ್ಲಿ ಒಮ್ಮೆ ನಿಜವಾದ ತ್ರೀನಾಟ್‌ತ್ರೀ ಹೊಡೆಸಿದರು. ಅದರ ಗುಂಡು ಸುಮಾರು ಹನ್ನೊಂದು ಗ್ರಾಂ. ಭುಜ ಮೂರು ದಿನ ನೇರಳೆಹಣ್ಣಿನ ಬಣ್ಣಕ್ಕಿತ್ತು. ಟೂಟೂ ಗುಂಡು ಎರಡೂವರೆ ಗ್ರಾಮಿಗೆ ತುಸು ಹೆಚ್ಚು. ಮೂಗುತಿಗಿಂತ ಭಾರ, ಉಂಗುರಕ್ಕಿಂತ ಹಗುರ. ಅದು ಒದೆಯುವುದಿಲ್ಲ, ಭುಜವನ್ನು ಮೊಣಕೈಯಿಂದ ತಿವಿದು ‘ಹೊಡೆದೆ, ನೋಡು’ ಅನ್ನುತ್ತದೆ, ಅಷ್ಟೆ. ಮೊದಲ ಸಲ ಐದು ಗುಂಡಿನಲ್ಲಿ ನನ್ನ ಹಾಳೆಯಲ್ಲಿ ಮೂರು ತೂತು. ಪಕ್ಕದವನ ಹಾಳೆಯಲ್ಲಿ ಏಳು. ಅವನಿಗೆ ಬಹುಮಾನ ಬಂತು.

ಟೂಟೂ ರಿಮ್‌ಫೈರ್ ಜಾತಿಯದು. ಆ ಮಾತನ್ನು ಹೆಂಡತಿಗೆ ಬಿಡಿಸಿ ಹೇಳಬೇಕಾಯಿತು. ಅಂಚುಗಿಚ್ಚು ಎಂದು ಕನ್ನಡ ಮಾಡಿದೆ. ‘ಸೀರೆ ಅಂಗಡಿ ಹೆಸರಿದ್ದ ಹಾಗಿದೆ’ ಅಂದಳು. ದೊಡ್ಡಪ್ಪನ ಹತ್ತಿರವೂ ಒಂದು ಕೋವಿಯಿತ್ತು. ಅಂಥದರ ತೋಟಾ ನೋಡಿದವರಿಗೆ ನೆನಪಿರಬಹುದು, ಅದರ ಹಿತ್ತಾಳೆ ಬುಡದ ನಟ್ಟನಡುವೆ ಒಂದು ಕೇಪು ಕೂತಿರುತ್ತದೆ. ಕುದುರೆ ಬಡಿದಾಗ ಆ ಕೇಪು ಸಿಡಿದು ಮದ್ದು ಹೊತ್ತಿಕೊಳ್ಳುತ್ತದೆ. ಟೂಟೂವಿನಲ್ಲಿ ಬೇರೆ ಕೇಪು ಇಲ್ಲ. ಬುಡದ ಅಂಚಿನ ಮಡಿಕೆಯೊಳಗೆ ಸಿಡಿಮದ್ದನ್ನು ಸವರಿರುತ್ತಾರೆ, ಹೋಳಿಗೆಯ ಅಂಚಿನವರೆಗೂ ಹೂರಣ ಹೋಗಿರುವ ಹಾಗೆ. ಮೊಳೆ ಬಂದು ಅಂಚನ್ನು ಜಜ್ಜಿದರೆ ಢಂ; ಢಂ ಕೂಡ ಅಲ್ಲ, ಟಪ್. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಫ್ಲೋಬೇರ್ ಎಂಬ ಫ್ರೆಂಚ್ ಕಸಬುದಾರ ಈ ಬಗೆಯ ಪುಟ್ಟ ತೋಟಾ ಮಾಡಿದ್ದು, ದೊಡ್ಡ ಮನೆಯವರು ಪಡಸಾಲೆಯಲ್ಲೇ ಗುರಿ ಹೊಡೆದು ಆಡಿಕೊಳ್ಳಲಿ ಎಂದು. ಈಗ ನಾವು ಬಳಸುವ ಲಾಂಗ್ ರೈಫಲ್ ಎಂಬ ತೋಟಾ ಅಮೆರಿಕದಲ್ಲಿ ಹುಟ್ಟಿದ್ದು 1887ರಲ್ಲಿ. ನಮ್ಮ ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಳುತ್ತಿದ್ದ ಕಾಲ. ಅಲ್ಲಿಂದೀಚೆಗೆ ದೀಪ, ಗಾಡಿ, ಸರ್ಕಾರ ಎಲ್ಲ ಬದಲಾದವು. ಈ ತೋಟಾದ ಅಳತೆ ಬದಲಾಗಿಲ್ಲ. ಅದಕ್ಕಿರುವ ಒಂದೇ ಕೊರತೆ, ಒಮ್ಮೆ ಅಂಚು ಜಜ್ಜಿದರೆ ಮತ್ತೆ ತುಂಬಲು ಬರುವುದಿಲ್ಲ. ದೊಡ್ಡಪ್ಪ ತಮ್ಮ ಹಿತ್ತಾಳೆ ತೋಟಾಗಳಿಗೆ ಮದ್ದು, ಚರೆ, ರಟ್ಟಿನ ಬಿಲ್ಲೆ ಹಾಕಿ ಜಗುಲಿಯ ಮೇಲೆ ಕೂತು ಮತ್ತೆ ಮತ್ತೆ ತುಂಬುತ್ತಿದ್ದರು. ಒಮ್ಮೆ ಹೊಡೆದು ಎಸೆಯುವ ಸಾಮಾನು ಅವರ ಲೆಕ್ಕದಲ್ಲಿ ಸಾಮಾನೇ ಅಲ್ಲ.

ದೊಡ್ಡಪ್ಪನ ಕೋವಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಒಂಟಿ ನಳಿಗೆ, ಬೆಳೆ ರಕ್ಷಣೆಯ ಲೈಸೆನ್ಸು. ಆಲೂಗೆಡ್ಡೆಗೆ ಬರುವ ಹಂದಿಗಳನ್ನು ಹೆದರಿಸಲು. ಹಂದಿಗಳು ಹೆದರಿದ್ದನ್ನು ಯಾರೂ ಕಂಡಿಲ್ಲ. ಅದರ ಆಯುಷ್ಯದ ಅರ್ಧ ಭಾಗ ಪೊಲೀಸ್ ಠಾಣೆಯಲ್ಲಿ ಕಳೆಯಿತು. ಏನೋ ಕೇಸು ಅಂದುಕೊಳ್ಳಬೇಡಿ. ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಬಂದೂಕುಗಳನ್ನು ಠೇವಣಿ ಇಡಬೇಕು. ನಮ್ಮೂರಿನ ಹೆಸರು ಹೇಳಿದರೆ ಯಾರಾದರೂ ಮೊದಲು ಕೇಳುವುದೇ, ‘ದೇವೇಗೌಡರ ಊರೇ?’ ಹೌದು. 1933ರಲ್ಲಿ ಅವರು ಹುಟ್ಟಿದ್ದು ಇಲ್ಲೇ, 1996ರಲ್ಲಿ ಅವರು ಪ್ರಧಾನಿಯಾದಾಗ ಇಲ್ಲಿ ಪಟಾಕಿಯೂ ಸಿಡಿದಿದೆ. ಇಂಥ ಊರಿನಲ್ಲಿ ಚುನಾವಣೆ ರಾಗಿಯ ಹಾಗೆ ಒಂದು ಬೆಳೆ. ಲೋಕಸಭೆ, ವಿಧಾನಸಭೆ, ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ, ಒಂದರ ಮೇಲೊಂದು. ದೊಡ್ಡಪ್ಪ ಗೋಣಿತಾಟಿನಲ್ಲಿ ಕೋವಿ ಸುತ್ತಿಕೊಂಡು ಠಾಣೆಗೆ ಹೋಗಿ ರಸೀದಿ ತರುತ್ತಿದ್ದರು. ‘ಎಲೆಕ್ಷನ್ನಲ್ಲಿ ಠೇವಣಿ ಕಳಕೊಳ್ದೆ ವಾಪಸ್ ಬರೋದು ನಂದೊಂದೇ ಕಣ್ಲಾ’ ಎಂದು ಅವರ ಮಾತು.

ಅರಕಲಗೂಡು ದಾಟಿ, ಕೊಣನೂರು ದಾಟಿದರೆ ಕೊಡಗು. ಅಲ್ಲಿನ ಕಥೆಯೇ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ತೆಂಗು ಬೆಳೆಯುವವರು ಚನ್ನರಾಯಪಟ್ಟಣದವರು, ಅದಕ್ಕೆ ಹೊಡೆಯುವವರು ಅವರು. ಈ ಅನ್ಯಾಯವನ್ನು ಯಾವ ಪಕ್ಷವೂ ಪ್ರಣಾಳಿಕೆಯಲ್ಲಿ ಸೇರಿಸಿಲ್ಲ.

ಇನ್ನು ಅಂಗಡಿಗೆ ಬರೋಣ. ಅಂಗಡಿಯವರು ಅರವತ್ತರ ಆಸುಪಾಸಿನವರು, ಮೂರು ತಲೆಮಾರಿನ ವ್ಯಾಪಾರ. ನನ್ನ ಮೊದಲ ತಪ್ಪು ಎರಡನೇ ನಿಮಿಷದಲ್ಲೇ ಆಯಿತು. ರೈಫಲ್ ಕೈಗೆ ಕೊಟ್ಟರು. ನಾನು ಎನ್‌ಸಿಸಿಯ ನೆನಪಿನಲ್ಲಿ ಬೋಲ್ಟ್ ಎಳೆದು, ಖಾಲಿಯಿದೆಯೆಂದು ನೋಡಿ, ಬೋಲ್ಟ್ ಮುಚ್ಚಿ, ಗೋಡೆಯ ಕಡೆ ತಿರುಗಿಸಿ ಟ್ರಿಗರ್ ಒತ್ತಿದೆ. ಟಕ್. ‘ಸಾರ್!’ ಅಂದರು ಅವರು, ಕರುವಿನ ಬಾಲ ತುಳಿದಾಗ ಹಸು ನೋಡುವಂತೆ ನೋಡುತ್ತ. ರಿಮ್‌ಫೈರನ್ನು ಖಾಲಿ ಹೊಡೆಯಬಾರದಂತೆ. ತೋಟಾ ಇಲ್ಲದಿದ್ದರೆ ಮೊಳೆ ನೇರ ಹೋಗಿ ನಳಿಗೆಯ ಅಂಚನ್ನೇ ಬಡಿಯುತ್ತದೆ, ದಿನ ಕಳೆದ ಹಾಗೆ ಅಲ್ಲಿ ತಗ್ಗು ಬೀಳುತ್ತದೆ. ಆಮೇಲೆ ಒಂದು ಹಳೆಯ ಖಾಲಿ ತೋಟಾ ಹಾಕಿ ಕೊಟ್ಟರು. ಮಕ್ಕಳ ಕೈಗೆ ಗಾಜಿನ ಲೋಟದ ಬದಲು ಸ್ಟೀಲ್ ಲೋಟ ಕೊಡುವ ರೀತಿ ಅದು.

ಮೇಜಿನ ಮೇಲೆ ಮೂರು ಬಂದವು. ಮೊದಲನೆಯದು ಈಶಾಪುರದ್ದು, ಬಂಗಾಳದ ಸರ್ಕಾರಿ ಕಾರ್ಖಾನೆಯದು, ಹೊಸತು. ಎರಡನೆಯದು ಬಿಎಸ್‌ಎ. ಆ ಹೆಸರು ಕೇಳಿ ನನಗೆ ರೈಫಲ್ಲಿಗಿಂತ ಮೊದಲು ನೆನಪಾದದ್ದು ನಮ್ಮ ಹೆಡ್‌ಮಾಸ್ಟರ ಸೈಕಲ್ಲು. ಬರ್ಮಿಂಗ್‌ಹ್ಯಾಮಿನ ಆ ಕಂಪನಿ 1861ರಲ್ಲಿ ಶುರುವಾದದ್ದೇ ಬಂದೂಕಿಗಾಗಿ. ಸೈಕಲ್ಲು, ಮೋಟಾರ್‌ಸೈಕಲ್ಲು ಆಮೇಲೆ. ಹೆಡ್‌ಮಾಸ್ಟರ ಸೈಕಲ್ಲಿನ ಕತ್ತಿನ ಮೇಲೆ ಮೂರು ರೈಫಲ್ಲುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮುದ್ರೆಯಿತ್ತು. ಅವರು ಹೊಡೆಯುವ ಏಟಿಗೂ ಆ ಚಿತ್ರಕ್ಕೂ ಸಂಬಂಧವಿದೆಯೆಂದು ನಾವು ಬಹಳ ದಿನ ನಂಬಿದ್ದೆವು. ಮೂರನೆಯದು ಚೆಕ್ ದೇಶದ ಬ್ರನೋ, ಊರಿನ ಹೆಸರೇ ಅದಕ್ಕೂ. ಈ ಊರಿನ ಹೆಸರಿಗೆ ಇಂಗ್ಲೆಂಡಿನ ಎನ್‌ಫೀಲ್ಡ್ ಊರಿನ ಹೆಸರು ಕಸಿ ಮಾಡಿಯೇ ಬ್ರೆನ್ ಗನ್ ಎಂಬ ಹೆಸರಾದದ್ದು. ಹೊರದೇಶದ ಬಂದೂಕುಗಳು ನಮ್ಮಂಥ ಸಾಮಾನ್ಯರ ಪಾಲಿಗೆ ಬರುವುದು 1980ರ ದಶಕದಲ್ಲೇ ನಿಂತಿತು. ಪದಕ ತರುವಂಥ ಶೂಟರುಗಳಿಗೆ ಮಾತ್ರ ಬಾಗಿಲು ತೆರೆದಿದೆ. ಆದ್ದರಿಂದ ಈ ಬ್ರನೋ, ಈ ಬಿಎಸ್‌ಎ ಎಲ್ಲ ಯಾರೋ ಎಸ್ಟೇಟಿನವರ ಬೀರುವಿನಿಂದ ಇನ್ನಾರದೋ ಬೀರುವಿಗೆ ಕೈ ಬದಲಾಗುತ್ತ, ವಯಸ್ಸಾದಷ್ಟೂ ಬೆಲೆ ಏರಿಸಿಕೊಳ್ಳುತ್ತವೆ. ಎತ್ತಿಗೂ ಮೇಷ್ಟ್ರಿಗೂ ಹೀಗಾಗುವುದಿಲ್ಲ.

ದೊಡ್ಡಪ್ಪನ ಕ್ರಮದಲ್ಲೇ ನೋಡಿದೆ. ಮೊದಲು ಹಲ್ಲು, ಅಂದರೆ ಬೋಲ್ಟ್: ಗಡಸಾಗಿ ಕೂರುತ್ತದೆಯೇ, ಗಲಗಲ ಅಲ್ಲಾಡುತ್ತದೆಯೇ. ಆಮೇಲೆ ಗೊರಸು, ಅಂದರೆ ಬಟ್: ಬಿರುಕು, ಗೆದ್ದಲು, ಕದ್ದು ಹಚ್ಚಿದ ಪಾಲಿಷ್. ಕಡೆಗೆ ಸುಳಿ. ಬಿಎಸ್‌ಎಯ ನಳಿಗೆಯ ಬಾಯಿ ಒಂದು ಕಡೆಗೆ ಸವೆದಿತ್ತು. ಸೀಸದ ಟೂಟೂ ಗುಂಡು ಮೃದು, ಅದು ನಳಿಗೆಯನ್ನು ಸುಲಭಕ್ಕೆ ಸವೆಸುವುದಿಲ್ಲ. ಸವೆಸುವುದು ನಾವು, ಒರೆಸುವ ಹೆಸರಿನಲ್ಲಿ. ಯಾರೋ ಶ್ರದ್ಧಾವಂತರು ಐವತ್ತು ವರ್ಷ ನಳಿಗೆಯ ಮುಂದಿನ ಬಾಯಿಯಿಂದ ಕಬ್ಬಿಣದ ಸಲಾಕೆ ಹಾಕಿ ತಿಕ್ಕಿದ್ದಾರೆ. ಗುಂಡು ನಳಿಗೆಯನ್ನು ಬಿಡುವಾಗ ಕಡೆಯದಾಗಿ ಮುಟ್ಟುವ ಜಾಗ ಅದು. ಅಲ್ಲಿ ಓರೆಯಾದರೆ ಮುಂದೆಲ್ಲ ಓರೆ. ನಮ್ಮ ಉಸ್ತಾದರು ಹಗ್ಗದ ತುದಿಗೆ ಚಿಂದಿ ಕಟ್ಟಿಸಿ ಹಿಂದಿನಿಂದ ಮುಂದಕ್ಕೇ ಎಳೆಯಿಸುತ್ತಿದ್ದುದರ ಗುಟ್ಟು ನನಗೆ ತಿಳಿದದ್ದು ಆ ದಿನ. ಹಿಂದಿಯ ಚಿಂದಿಯೂ ಕನ್ನಡದ ಚಿಂದಿಯೂ ಒಂದೇ ಆದ್ದರಿಂದ ಅದೊಂದು ಆಜ್ಞೆಯನ್ನು ನಾವು ಎಂದೂ ತಪ್ಪಾಗಿ ಪಾಲಿಸಿರಲಿಲ್ಲ.

ಬ್ರನೋದ ಸುಳಿ ಶುದ್ಧವಾಗಿತ್ತು. ನಳಿಗೆಯೊಳಗೆ ಬೆಳಕು ಗೆರೆಗೆರೆಯಾಗಿ ತಿರುಗುತ್ತ ಬರುತ್ತಿತ್ತು, ಎಳೆಯ ಬಾಳೆಸುಳಿ ಬಿಚ್ಚಿಕೊಳ್ಳುವ ಹಾಗೆ. ಭುಜಕ್ಕೆ ಏರಿಸಿದೆ. ಅಲ್ಲಿ ನಿಜವಾದ ತೊಂದರೆ ಎದುರಾಯಿತು.

ನನ್ನದು ಎರಡು ಅಂತಸ್ತಿನ ಕನ್ನಡಕ. ಮೇಲಿನಿಂದ ದೂರ, ಕೆಳಗಿನಿಂದ ಹತ್ತಿರ. ಬಂದೂಕಿನ ಗುರಿ ಎಂದರೆ ಹಿಂದಿನ ಸೀಳು, ಮುಂದಿನ ಮೊನೆ, ದೂರದ ಗುರಿಹಲಗೆ, ಮೂರೂ ಒಂದೇ ಸಾಲಿಗೆ ಬರಬೇಕು. ಹದಿನೆಂಟರ ಕಣ್ಣಿಗೆ ಮೂರೂ ಕಾಣುತ್ತಿದ್ದವು. ಈಗ ಸೀಳು ಕೆಳ ಅಂತಸ್ತಿನಲ್ಲಿ, ಹಲಗೆ ಮೇಲಂತಸ್ತಿನಲ್ಲಿ, ಮೊನೆ ಇವೆರಡರ ನಡುವಿನ ಮೆಟ್ಟಿಲಲ್ಲಿ ಕಳೆದುಹೋಗಿದೆ. ಕತ್ತು ಎತ್ತಿದೆ, ಇಳಿಸಿದೆ. ಅಂಗಡಿಯ ಹುಡುಗ ಓತಿಕ್ಯಾತ ನೋಡುವಂತೆ ನೋಡುತ್ತಿದ್ದ. ‘ದುರ್ಬೀನು ಹಾಕಿಬಿಡೋಣ ಸಾರ್’ ಅಂದರು ಅಂಗಡಿಯವರು. ಹಾಕಿ ತೋರಿಸಿದರು. ಎಲ್ಲವೂ ಕಂಡಿತು, ಬೇಡದ್ದೂ ಕಂಡಿತು. ದುರ್ಬೀನಿನ ಗೆರೆ ಎದೆಬಡಿತಕ್ಕೆ ತಕ್ಕಂತೆ ಕುಣಿಯುತ್ತಿತ್ತು. ಡಾಕ್ಟರ ಹತ್ತಿರ ಹೋದರೆ ಸ್ಟೆತಾಸ್ಕೋಪು ಅವರ ಕಿವಿಯಲ್ಲಿರುತ್ತದೆ, ನಮಗೆ ನೆಮ್ಮದಿ. ಇಲ್ಲಿ ನನ್ನ ರಕ್ತದೊತ್ತಡವನ್ನು ನಾನೇ ಕಣ್ಣಾರೆ ನೋಡಬೇಕು. ಬೇಡವೆಂದೆ.

ಪರಿಹಾರವಿದ್ದದ್ದು ಪೀಪ್ ಸೈಟಿನಲ್ಲಿ. ಸೀಳಿನ ಬದಲು ಕಣ್ಣಿನ ಹತ್ತಿರ ಒಂದು ಬಿಲ್ಲೆ, ಅದರಲ್ಲಿ ಸೂಜಿತೂತಿಗಿಂತ ತುಸು ದೊಡ್ಡ ಕಿಂಡಿ. ಅದರೊಳಗಿಂದ ನೋಡಿದರೆ ಹತ್ತಿರದ ಮೊನೆಯೂ ದೂರದ ಹಲಗೆಯೂ ಒಟ್ಟಿಗೆ ತಿಳಿಯಾಗುತ್ತವೆ. ಇದು ಹೊಸ ವಿದ್ಯೆಯೇನಲ್ಲ. ಕನ್ನಡಕ ಕಾಣದ ನಮ್ಮ ಹಿರಿಯರು ಮುಷ್ಟಿಯನ್ನು ಕೊಳವೆ ಮಾಡಿ, ಕಿರುಕಿಂಡಿಯಿಂದ ನೋಡಿ, ‘ಬರೋದು ಸಿದ್ದನ ಗಾಡಿನೇ’ ಎಂದು ಅರ್ಧ ಮೈಲಿಯಿಂದ ಹೇಳುತ್ತಿರಲಿಲ್ಲವೇ? ಅದೇ. ಕಿಂಡಿ ಕಿರಿದಾದಷ್ಟೂ ನೋಟ ತಿಳಿ, ಬೆಳಕು ಕಡಿಮೆ. ಒಲಿಂಪಿಕ್ಸಿನ ರೈಫಲ್ಲುಗಳಿಗೂ ಇದೇ ಕಿಂಡಿ. ದುರ್ಬೀನಿಗೆ ಅಲ್ಲಿ ಅವಕಾಶವಿಲ್ಲ. ಮುಪ್ಪಿನ ಕಣ್ಣಿಗೂ ಚಿನ್ನದ ಪದಕಕ್ಕೂ ಒಂದೇ ಔಷಧಿ ಎಂದು ತಿಳಿದು ಆ ದಿನ ನನಗೆ ಸ್ವಲ್ಪ ಗರ್ವವೇ ಬಂತು.

ಇಷ್ಟಾದ ಮೇಲೂ ವ್ಯಾಪಾರ ಕುದುರಲಿಲ್ಲ, ಕುದುರುವಂತೆಯೂ ಇರಲಿಲ್ಲ. ಜಾತ್ರೆಯಲ್ಲಿ ದಲ್ಲಾಳಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದ. ಇಲ್ಲಿ ಟವೆಲು ಸರ್ಕಾರದ್ದು. ಮೊದಲು ಲೈಸೆನ್ಸು, ಆಮೇಲೆ ರೈಫಲ್ಲು. ತಾಳಿ ಕಟ್ಟಿಕೊಂಡು ಹೆಣ್ಣು ನೋಡಲು ಹೋಗುವ ಕ್ರಮ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಾವಳಿ, 2019ರ ತಿದ್ದುಪಡಿ. ಆ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕನ್ನು ಮೂರರಿಂದ ಎರಡಕ್ಕಿಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೇರಿಸಿತು. ನನ್ನ ವಯಸ್ಸಿಗೆ ಎರಡನೆಯದೇ ಹೆಚ್ಚು ಧೈರ್ಯದ ಮಾತು. ಅರ್ಜಿಯ ಜೊತೆಗೆ ತರಬೇತಿಯ ಪತ್ರ ಬೇಕು, ಮೈಯೂ ಮನಸ್ಸೂ ನೆಟ್ಟಗಿವೆ ಎಂಬ ವೈದ್ಯರ ಪತ್ರವೂ ಬೇಕು. ‘ಅರವತ್ತಮೂರಕ್ಕೆ ಬಂದೂಕು ಬೇಕು ಅಂತ ಬರೋರಿಗೆ ತಲೆ ನೆಟ್ಟಗಿದೆ ಅಂತ ಯಾವ ಡಾಕ್ಟ್ರು ಬರ್ಕೊಡ್ತಾರ್ರೀ?’ ಅಂದಳು ಹೆಂಡತಿ. ಬರೆದುಕೊಟ್ಟರು. ಅವರೂ ಹಿಂದೆ ಎನ್‌ಸಿಸಿಯವರು. ಆಮೇಲೆ ಪೊಲೀಸಿನವರು ಊರಿಗೆ ಬಂದು ನನ್ನ ನಡತೆ ವಿಚಾರಿಸಿದರು. ಅರಳಿಕಟ್ಟೆಯಲ್ಲಿ ಕೂತಿದ್ದ ನನ್ನ ಹಳೆಯ ಶಿಷ್ಯರು ಎದ್ದು ನಿಂತು, ‘ಮೇಷ್ಟ್ರು ಬಾಳ ಒಳ್ಳೇರು ಸಾ, ಬೆತ್ತದಲ್ಲೇ ಗುರಿ ತಪ್ಪುತಾ ಇರ್ನಿಲ್ಲ’ ಎಂದು ಸಾಕ್ಷಿ ಹೇಳಿದರಂತೆ.

ಅರ್ಜಿ ಕೊಟ್ಟು ಸುಮ್ಮನೆ ಕೂರಲಿಲ್ಲ. ಒಂದು ರೈಫಲ್ ಕ್ಲಬ್ಬಿಗೆ ಸೇರಿದೆ. ಅಲ್ಲಿ ಕ್ಲಬ್ಬಿನ ರೈಫಲ್ಲನ್ನೇ ಹೊಡೆಯಬಹುದು. ಬಹಳ ವರ್ಷದ ನಂತರ ಗುರಿಗೆ ಮರಳುವವರಿಗೆ ನಾನು ಹೇಳುವ ಮಾತು ಇದೊಂದೇ: ಕೊಳ್ಳುವ ಮೊದಲು ಇನ್ನೊಬ್ಬರದನ್ನು ಹೊಡೆಯಿರಿ. ಅಂಗಡಿಯಲ್ಲಿ ಕಣ್ಣು ಕೊಳ್ಳುತ್ತದೆ, ನೆಲದ ಮೇಲೆ ಮಲಗಿದಾಗ ಬೆನ್ನು ಕೊಳ್ಳುತ್ತದೆ. ಎರಡರ ಆಯ್ಕೆ ಒಂದೇ ಇರುವುದಿಲ್ಲ. ನಾನು ಹಗುರವಾದದ್ದೇ ಬೇಕೆಂದಿದ್ದೆ, ಎರಡೂವರೆ ಮೂರು ಕಿಲೋದ್ದು. ವಯಸ್ಸಾದವನಿಗೆ ಭಾರ ಏಕೆ? ಕ್ಲಬ್ಬಿನಲ್ಲಿ ಕೊಟ್ಟದ್ದು ಜರ್ಮನಿಯ ಆನ್‌ಶುಟ್ಸ್, ನಳಿಗೆ ದೊಡ್ಡಪ್ಪನ ಕೈಕೋಲಿನಷ್ಟು ದಪ್ಪ, ಒಟ್ಟು ಐದು ಕಿಲೋ ಮೇಲೆ. ಪಂದ್ಯದ ನಿಯಮ ಎಂಟು ಕಿಲೋವರೆಗೂ ಬಿಡುತ್ತದೆ. ಮಲಗಿ ಹಿಡಿದರೆ ಆ ಭಾರ ತೋಳಿನದಲ್ಲ, ಮೂಳೆಯದು, ತೋಳಿಗೆ ಬಿಗಿದ ಪಟ್ಟಿಯದು. ಕೈ ನಡುಗುವವನಿಗೆ ಭಾರದ ರೈಫಲ್ಲೇ ವಾಸಿ. ನಡುಕವನ್ನು ಅದು ತನ್ನೊಳಗೇ ನುಂಗಿಕೊಳ್ಳುತ್ತದೆ. ಹಗುರವಾದದ್ದು ಎಲ್ಲವನ್ನೂ ಹೊರಗೆ ಹೇಳಿಬಿಡುತ್ತದೆ. ಇದು ತಿಳಿಯಲು ನನಗೆ ಮೂರು ಭಾನುವಾರ ಬೇಕಾಯಿತು. ಮಲಗಿದವನು ಮೇಲೇಳಲು ಎರಡು ಹುಡುಗರು ಬೇಕಾದರು.

ಐವತ್ತು ಮೀಟರ್ ದೂರದ ಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. ಷರಟಿನ ಗುಂಡಿಯಷ್ಟು. ಅಷ್ಟು ದೂರದಿಂದ ಅಷ್ಟರಲ್ಲಿ ಗುಂಡಿಡಬೇಕಾದರೆ ತೋಟಾದ ಜಾತಕವೂ ಕೂಡಿಬರಬೇಕು. ಗುರಿಕಾರರ ತೋಟಾ ಬೇಕೆಂದೇ ನಿಧಾನ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್; ಇದು ಅದಕ್ಕಿಂತ ತುಸು ಕಡಿಮೆಯಲ್ಲೇ ಹೊರಡುತ್ತದೆ. ಶಬ್ದವನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ವೇಗ ಕಳೆದುಕೊಂಡು ಮತ್ತೆ ಆ ಗಡಿ ದಾಟುವಾಗ ಮೈ ಕೊಡವುತ್ತದೆ, ಗುರಿ ಕದಲುತ್ತದೆ. ಅವಸರವಿಲ್ಲದವನೇ ಹತ್ತಿರ ಮುಟ್ಟುತ್ತಾನೆ ಎಂಬುದು ನಿವೃತ್ತರಿಗೆ ಹಿತವಾದ ವಿಜ್ಞಾನ. ಇನ್ನೊಂದು ವಿಚಿತ್ರ: ಒಂದೇ ಕಂಪನಿ, ಒಂದೇ ಹೆಸರಿನ ಎರಡು ರೈಫಲ್ಲಿಗೆ ಒಂದೇ ತೋಟಾ ಒಗ್ಗಬೇಕೆಂದಿಲ್ಲ. ಒಂದಕ್ಕೆ ಇಂಗ್ಲೆಂಡಿನ ಈಲಿ ಹಿಡಿಸಿದರೆ ಇನ್ನೊಂದಕ್ಕೆ ಫಿನ್ಲೆಂಡಿನ ಲಪುವಾ. ಅದರಲ್ಲೂ ಲಾಟು ನೋಡಬೇಕು. ನಮ್ಮತ್ತೆಗೆ ಹಾಸನದ ಒಂದೇ ಅಂಗಡಿಯ ಕಾಫಿಪುಡಿ, ಅದೂ ಮಂಗಳವಾರ ಹುರಿದದ್ದೇ ಆಗಬೇಕಿತ್ತು. ಆಗ ನಾನು ನಗುತ್ತಿದ್ದೆ.

ಟೂಟೂ ಸಣ್ಣದೆಂದು ಸಸಾರ ಮಾಡಬಾರದು. ತೋಟಾದ ಡಬ್ಬಿಯ ಮೇಲೆ ಒಂದೂವರೆ ಮೈಲಿಯವರೆಗೆ ಅಪಾಯ ಎಂದು ಬರೆದಿರುತ್ತದೆ. ಅಷ್ಟು ದೂರದಲ್ಲಿ ನಮ್ಮ ಕಡೆ ಯಾರದಾದರೂ ಗದ್ದೆಯಲ್ಲಿ ಯಾರಾದರೂ ಬಗ್ಗಿ ನಿಂತೇ ಇರುತ್ತಾರೆ. ಆದ್ದರಿಂದ ತೋಟದಲ್ಲಿ ತೆಂಗಿನಕಾಯಿಗೆ ಹೊಡೆದು ನೋಡುವ ಆಸೆಯನ್ನು ನಾನೇ ಹೊಡೆದುಹಾಕಿದ್ದೇನೆ.

ಬದಲಿಗೆ ಬೆಂಗಳೂರಿನ ಮಗಳು ಒಂದು ಗಾಳಿ ರೈಫಲ್ ತಂದುಕೊಟ್ಟಿದ್ದಾಳೆ. ಇಪ್ಪತ್ತು ಜೂಲ್ ಶಕ್ತಿಯೊಳಗಿನ, 4.5 ಮಿಲಿಮೀಟರ್ ಗುಂಡಿನ ಗಾಳಿ ರೈಫಲ್ಲಿಗೆ ಲೈಸೆನ್ಸು ಬೇಡ. ಎತ್ತು ಹೋಗಿ ಟ್ರಾಕ್ಟರು ಬಂದ ಮೇಲೆ ನಮ್ಮ ಕೊಟ್ಟಿಗೆ ಖಾಲಿ. ಉದ್ದಕ್ಕೆ ಅಳೆದರೆ ಹತ್ತು ಮೀಟರಿಗೆ ಒಂದು ಗೇಣು ಹೆಚ್ಚು. ಗೋಡೆಗೆ ಮರಳು ಮೂಟೆ ಒಟ್ಟಿ ಮುಂದೆ ಹಾಳೆ ಅಂಟಿಸಿದ್ದೇನೆ. ಇಲ್ಲಿ ಹತ್ತು ಅಂಕ ಎಂದರೆ ಅರ್ಧ ಮಿಲಿಮೀಟರಿನ ಚುಕ್ಕೆ, ರಾಗಿ ಕಾಳಿಗಿಂತ ಚಿಕ್ಕದು. ಬೆಳಿಗ್ಗೆ ಆರಕ್ಕೆ ಎದ್ದು, ದೊಡ್ಡಪ್ಪ ಎತ್ತು ಕಟ್ಟುತ್ತಿದ್ದ ಗೂಟದ ಪಕ್ಕ ನಿಂತು, ನನಗೆ ನಾನೇ ‘ಶಿಸ್ತ್ ಲೋ’ ಅಂದುಕೊಳ್ಳುತ್ತೇನೆ. ಈಗಲೂ ಕೈ ಮೊದಲು ಷರಟಿನ ಗುಂಡಿಯ ಕಡೆಗೇ ಹೋಗುತ್ತದೆ. ಹೋದ ಆಯುಧಪೂಜೆಯಲ್ಲಿ ಹೆಂಡತಿ ಇಳಿಗೆಮಣೆಗೂ ಮಿಕ್ಸಿಗೂ ನಡುವೆ ಈ ಗಾಳಿ ರೈಫಲ್ಲಿಗೂ ಒಂದು ಚೆಂಡುಹೂವು ಇಟ್ಟಳು.

ಅರ್ಜಿ ಇನ್ನೂ ನಡೆಯುತ್ತಿದೆ. ಹೋದ ಸೋಮವಾರ ಅಂಗಡಿಗೆ ಫೋನ್ ಮಾಡಿದ್ದೆ. ಬ್ರನೋ ಇನ್ನೂ ಇದೆಯಂತೆ.